ಭೂಪತಿ ಹೂ ಕೇಳಿದ್ದು

ಎಲ್ಲಕ್ಕೂ ಮೂಲ ಒಂದು ಫೋಟೋ. ಸೇಲಂನ ಎಕ್ಸಿಬಿಷನ್ನಿನಲ್ಲಿ, ಬಟ್ಟೆಯ ಮೇಲೆ ಬರೆದ ಜಲಪಾತದ ಮುಂದೆ, ತಲೆಗೆ ಹೆಲ್ಮೆಟ್ಟು ಹಾಕಿ ಸೊಂಟಕ್ಕೆ ಹಗ್ಗ ಸುತ್ತಿ ತೆಗೆಸಿಕೊಂಡ ಫೋಟೋವನ್ನು ಭೂಪತಿ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದ. ಕಡಯಂಪಟ್ಟಿಯ ಪಶು ಆಹಾರದ ಅಂಗಡಿಯಲ್ಲಿ ಬಿಲ್ಲು ಹಾಕುವ ಈ ಮನುಷ್ಯ, ಅಟ್ಟದ ಮೇಲಿನ ಮೂಟೆ ಇಳಿಸಲು ಏಣಿ ಹತ್ತಬೇಕೆಂದರೂ ಬೆವರುವವನು. ಫೋಟೋ ಅದನ್ನೆಲ್ಲ ಹೇಳುತ್ತದೆಯೇ?

ಮರುದಿನವೇ ಪಾಪಿರೆಡ್ಡಿಪಟ್ಟಿಯಿಂದ ಬಾಲಾಜಿಯ ಫೋನು ಬಂತು. ಬಾಲಾಜಿ ಎಂದರೆ ಚಂದ್ರಿಕಾಳ ಅಣ್ಣ. ಚಂದ್ರಿಕಾ ಎಂದರೆ ಭೂಪತಿಗೆ ಗೊತ್ತುಮಾಡಿದ ಹುಡುಗಿ. ನೋಡಿ ಒಪ್ಪಿದ್ದಾಗಿತ್ತು, ನಿಶ್ಚಿತಾರ್ಥವೊಂದೇ ಬಾಕಿ. ಅವಳನ್ನು ನೋಡಿ ಬಂದಾಗಿನಿಂದ ಭೂಪತಿ ಬೂಸಾ ಕೊಂಡವರಿಗೆ ಹಿಂಡಿಯ ಬಿಲ್ಲು, ಹಿಂಡಿ ಕೊಂಡವರಿಗೆ ಬೂಸಾದ ಬಿಲ್ಲು ಹರಿದುಕೊಡುತ್ತಿದ್ದ.

"ಮಾಪ್ಳೆ, ಸ್ಟೇಟಸ್ ನೋಡ್ದೆ. ನಿಮ್ಗೆ ಇಂಥದ್ರಾಗೆ ಆಸೆ ಅಂತ ಗೊತ್ತೇ ಇರ್ಲಿಲ್ಲ. ಭಾನ್ವಾರ ನಮ್ ಕಡೆ ಬನ್ನಿ. ಗವಿ ಐತೆ, ಫಾಲ್ಸ್ ಐತೆ, ಅಗ್ಗ ಕಟ್ಟಿ ಇಳ್ಸೋರೂ ಅವ್ರೆ."

ಬೇಡ ಎಂದರೆ ಹುಡುಗಿ ಕೈತಪ್ಪಿದಂತೆಯೇ ಎಂದು ಭೂಪತಿಗೆ ಅನಿಸಿತು. "ಓಗಣ ಮಚ್ಚಾನ್, ಅದ್ಕೇನು," ಎಂದುಬಿಟ್ಟ. ಆ ಕಡೆ ಮದುವೆಗಂಡು ಮಾಪ್ಳೆ, ಹುಡುಗಿಯ ಅಣ್ಣ ಮಚ್ಚಾನ್.

ಗೆಳೆಯ ಪಳನಿ ಕಾರು ತಂದ. "ಉಡ್ಗಿ ಅಣ್ಣ ಪರೀಕ್ಷೆ ಮಾಡ್ತಾವ್ನೆ ಕಣ್ಲಾ. ನೀನು ಬಾಯೇ ಬಿಡ್ಬೇಡ. ಮಾತೆಲ್ಲ ನಂಗೆ ಬುಟ್ಬುಡು," ಎಂದು ದಾರಿಯುದ್ದಕ್ಕೂ ಧೈರ್ಯ ತುಂಬಿದ.

ಬೆಟ್ಟದ ಬುಡದಲ್ಲಿ ಬಾಲಾಜಿಯ ಜೊತೆ ರಾಜಾತಿ ಕಾದಿದ್ದಳು. ಮೊರಪ್ಪೂರಿನ ಗಟ್ಟಿಗಿತ್ತಿ, ಬಂದವರನ್ನು ಗವಿಗೆ ನುಗ್ಗಿಸುವುದು, ಹಗ್ಗದಲ್ಲಿ ಇಳಿಸುವುದು ಅವಳ ಕೆಲಸ. ಗವಿಯೊಳಗೆ ತೆವಳುವಾಗ ಭೂಪತಿ ಸೀಸೆಯ ಬಾಯಿಗೆ ಸಿಕ್ಕ ಬಿರಡೆಯಂತೆ ಅರ್ಧದಲ್ಲೇ ಸಿಕ್ಕಿಕೊಂಡ. ಬಾವಲಿಯೊಂದು ಕಿವಿ ಸವರಿ ಹೋಯಿತು. ಅವನು ಕಿರುಚಿದ ರಭಸಕ್ಕೆ ಗವಿಯ ಬಾವಲಿಗಳೆಲ್ಲ ಎದ್ದು ಒಂದು ಬಾಯಿಂದ ಓಡಿದವು; ಭೂಪತಿ ಇನ್ನೊಂದು ಬಾಯಿಂದ ಹಾರಿ ಹೊರಗೆ ಬಿದ್ದ.

"ನೋಡಿದ್ರಾ! ಬಾವ್ಲಿಗಳ್ನೇ ಎದ್ರುಸಿ ಓಡುಸ್ಬುಟ್ಟ ನಮ್ ಭೂಪತಿ!" ಎಂದ ಪಳನಿ.

ಬಾಲಾಜಿ ನಗಲಿಲ್ಲ. ಅವನ ಮುಖ ಸಪ್ಪಗಾಯಿತು. "ಮಾಪ್ಳೆ, ಸಾಕು ಅನ್ಸಿದ್ರೆ ಯೋಳಿ. ಮನೇಗ್ ಓಗಿ ಊಟ ಮಾಡಣ."

ಭೂಪತಿ ಬಾಯಿ ತೆರೆಯುವಷ್ಟರಲ್ಲಿ ಪಳನಿ ಅಡ್ಡ ಬಂದ. "ಸಾಕಾ? ಇದು ಅವ್ನಿಗೆ ಟಿಫನ್ನೂ ಅಲ್ಲ!"

ಬಾಲಾಜಿಯ ಮುಖ ಇನ್ನೂ ಬಾಡಿತು. ಭೂಪತಿಗೆ ತಲೆಬುಡ ತಿಳಿಯಲಿಲ್ಲ. ಇಷ್ಟು ಸಾಹಸವೂ ಸಾಲದೇ ಇವರಿಗೆ? ಎದೆಯುಬ್ಬಿಸಿ, "ಇದಕ್ಕಿಂತ ಸಣ್ ಗವಿ ಇಲ್ವಾ ಮಚ್ಚಾನ್?" ಎಂದ. ಬಾಲಾಜಿ ನಿಟ್ಟುಸಿರು ಬಿಟ್ಟು ಮುಂದೆ ನಡೆದ.

ಜಲಪಾತದ ನೆತ್ತಿಯಲ್ಲಿ ನಿಂತು ಭೂಪತಿ ಕೆಳಗೆ ಇಣುಕಿದ. ಮಡುವಿನ ಬಳಿಯ ಜನ ಚೆಲ್ಲಿದ ರಾಗಿಯಂತೆ ಕಂಡರು. ಹಿಂದೆ ಸರಿದವನ ಕಣ್ಣಿಗೆ ಬಂಡೆಯ ಪಕ್ಕದ ಮುನಿಯಪ್ಪ ಸ್ವಾಮಿಯ ಕಲ್ಲು, ಆ ಕಲ್ಲಿನ ಎರಡೂ ಬದಿಗೆ ಬಿಳಿ ಕಣಗಿಲೆ, ಕೆಂಪು ಕಣಗಿಲೆಯ ಗಿಡಗಳು ಬಿದ್ದವು. ಹೋದ ಜೀವ ಬಂತು.

"ಮಚ್ಚಾನ್, ನಾವು ಹೂ ಕೇಳ್ದೆ ಯಾವ ಕೆಲ್ಸಕ್ಕೂ ಕೈ ಆಕಲ್ಲ."

ಹೂ ಕೇಳುವುದು ಅಲ್ಲೆಲ್ಲ ಇರುವ ಪದ್ಧತಿ. ಎರಡು ಎಲೆಯ ಪೊಟ್ಟಣ, ಒಂದರಲ್ಲಿ ಬಿಳಿ ಹೂ, ಒಂದರಲ್ಲಿ ಕೆಂಪು ಹೂ. ದೇವರ ಮುಂದಿಟ್ಟು ಬೇರೆಯವರ ಕೈಲಿ ಒಂದನ್ನು ಎತ್ತಿಸುವುದು. ಭೂಪತಿಯ ಊರಿನಲ್ಲಿ ಬಿಳಿ ಬಂದರೆ ಸ್ವಾಮಿ ಹೂಂ ಅಂದ ಹಾಗೆ, ಕೆಂಪು ಬಂದರೆ ಊಹೂಂ. ಅವನು ಗಿಡದ ಮರೆಗೆ ಹೋಗಿ, ಮುನಿಯಪ್ಪನಿಗೆ ಮನಸ್ಸಿನಲ್ಲೇ ತಪ್ಪುಕಾಣಿಕೆ ಹೇಳಿಕೊಂಡು, ಎರಡು ಪೊಟ್ಟಣದಲ್ಲೂ ಕೆಂಪನ್ನೇ ಕಟ್ಟಿ ತಂದ.

ಬಾಲಾಜಿ ಕೈಮುಗಿದು ಒಂದನ್ನು ಎತ್ತಿ ಬಿಚ್ಚಿದ. ಕೆಂಪು!

"ಛೇ," ಎಂದು ಕೊರಗಲು ಭೂಪತಿ ಮುಖ ಸಿದ್ಧಮಾಡುತ್ತಿದ್ದಂತೆ ರಾಜಾತಿ ಚಪ್ಪಾಳೆ ತಟ್ಟಿದಳು. "ಕೆಂಪು ಬಂತು! ಸ್ವಾಮಿ ಓಗು ಅಂದ್ಬುಟ್ಟ. ಬಾರಣ್ಣ, ಅಗ್ಗ ಕಟ್ತೀನಿ!"

ಭೂಪತಿ ಪಳನಿಯ ಕಿವಿಗೆ ಬಾಯಿಟ್ಟ. "ಲೇ, ಕೆಂಪು ಅಂದ್ರೆ ಬ್ಯಾಡ ಅಂತ ತಾನೇ?"

"ಈ ಕಡೆಯೋರ್ಗೆ ಕೆಂಪೇ ಅಪ್ಪಣೆಯಂತೆ. ಸುಮ್ನಿರ್ಲಾ, ಮರ್ವಾದೆ ಓಗ್ತೈತೆ."

ಇನ್ನೊಂದು ಪೊಟ್ಟಣ ಎತ್ತಿ ಎನ್ನೋಣವೆಂದರೆ ಅದರಲ್ಲಿರುವುದೂ ಕೆಂಪೇ. ಅದನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗೆ ತುರುಕಿಕೊಂಡ.

ಮುಂದಿನದು ಅವನಿಗೆ ಸರಿಯಾಗಿ ನೆನಪಿಲ್ಲ. ಒಮ್ಮೆ ಆಕಾಶ ಕೆಳಗಿತ್ತು, ಒಮ್ಮೆ ರಾಜಾತಿಯ ಕೂಗು ಕಾಲಿನ ಕಡೆಯಿಂದ ಕೇಳಿಸಿತು. ಬಂಡೆಯನ್ನು ತಬ್ಬಿಕೊಂಡ, ನೀರು ಬಾಯಿಗೆ ಬಡಿದು ಬಿಡಿಸಿತು. ಬುಗುರಿಯ ಹಾಗೆ ತಿರುಗುತ್ತ ಬಂದು ಮಡುವಿಗೆ ದೊಪ್ಪನೆ ಬಿದ್ದ. ಸುತ್ತಲಿದ್ದವರು ಸಿಳ್ಳೆ ಹಾಕಿದರು.

ಬಾಲಾಜಿ ಹಗ್ಗ ಮುಟ್ಟದೆ, ಕಾಲುದಾರಿಯಲ್ಲಿ ಮೆಲ್ಲಗೆ ಇಳಿದು ಬಂದು ಪಕ್ಕದಲ್ಲಿ ಕೂತ.

"ಕ್ಷಮಿಸ್ಬೇಕು ಮಾಪ್ಳೆ. ಈ ಸಂಬಂಧ ಆಗಲ್ಲ."

"ಯಾಕ್ ಮಚ್ಚಾನ್? ಇಳಿದ್ನಲ್ಲಾ!"

"ಅದ್ಕೇನೇ. ನಮ್ ದೊಡ್ಡಕ್ಕನ ಗಂಡನೂ ಇಂಗೇ ಶೋಕಿಯೋರು. ಬೈಕ್ ಮ್ಯಾಲೆ ನಿಂತ್ಕಂಡ್ ಓಡ್ಸಿ, ಸೊಂಟ ಮುರ್ಕಂಡು ಮಂಚ ಇಡ್ದವ್ರೆ. ನಿಮ್ ಫೋಟೋ ನೋಡಿ ಚಂದ್ರಿಕಾ ಎದ್ರುಕಂಡ್ಲು. 'ಅಣ್ಣಾ, ಅವ್ರನ್ನ ಅಗ್ಗದ ಮುಂದೆ ನಿಲ್ಸು. ಬ್ಯಾಡ ಅಂದ್ರೆ ಕಟ್ಕತೀನಿ, ಇಳಿದ್ರೆ ನಂಗೆ ಬ್ಯಾಡ' ಅಂದ್ಲು. ದಾರೀಲೆಲ್ಲ ನಿಮ್ ಬಾಯಿಂದ ಒಂದು 'ಸಾಕು' ಬರ್ಲಿ ಅಂತ ಕಾದೆ."

ಭೂಪತಿ ಎದ್ದು ನಿಂತ. "ನಂಗೆ ಏಣಿ ಅಂದ್ರೇ ಭಯ ಮಚ್ಚಾನ್! ಆ ಫಾಲ್ಸು ಬಟ್ಟೇದು! ನೋಡಿ, ಸ್ವಾಮಿಗೇ ಮೋಸ ಮಾಡಿದ್ದೆ!" ಎಂದು ಜೇಬಿನಿಂದ ಒದ್ದೆ ಪೊಟ್ಟಣ ತೆಗೆದು ಬಿಚ್ಚಿದ.

ಬಾಲಾಜಿ ಆ ಹೂವನ್ನೂ, ತನ್ನ ಕೈಲಿದ್ದ ಹೂವನ್ನೂ ನೋಡಿದ. ಕಣ್ಣು ದೊಡ್ಡದಾಯಿತು. "ಎರಡ್ರಾಗೂ ಕೆಂಪಾ? ಬ್ಯಾಡ ಅನ್ನಕ್ಕೆ ಸ್ವಾಮಿಗೂ ದಾರಿ ಬುಟ್ಟಿಲ್ವಲ್ಲಾ ನೀವು!"

"ಅಯ್ಯೋ, ನಮ್ಮೂರಾಗೆ ಕೆಂಪು ಅಂದ್ರೆ ಓಗ್ಬೇಡ ಅಂತ! ಪಳನಿ, ನೀನೇ ಯೋಳ್ಲಾ!"

ಆಗತಾನೇ ಓಡಿಬಂದ ಪಳನಿ, ಗೆಳೆಯನ ಮಾನ ಉಳಿಸಲು ಎದೆ ತಟ್ಟಿಕೊಂಡ. "ನಮ್ಮೂರಾಗೂ ಕೆಂಪು ಅಂದ್ರೆ ಓಗು ಅಂತಾನೇ! ಇವ್ನು ಉಟ್ಟಿದಾಗಿಂದ ಬಿಳಿ ಹೂ ಮುಟ್ಟಿದೋನೇ ಅಲ್ಲ!"

ಬಾಲಾಜಿ ಆಗಲೇ ಚಂದ್ರಿಕಾಳಿಗೆ ಫೋನು ಹಚ್ಚಿ ಕಿವಿಗಿಟ್ಟಿದ್ದ. ಭೂಪತಿ ಕಸಿದುಕೊಳ್ಳಲು ಹೋದ. ಒದ್ದೆ ಬಂಡೆಯ ಮೇಲೆ ಕಾಲು ಜಾರಿ ಕೂತುಬಿಟ್ಟ.

"ಇಳಿದ್ಬುಟ್ರಮ್ಮಾ," ಎಂದ ಬಾಲಾಜಿ. "ಇಲ್ಲೇ ಅವ್ರೆ. ಕೈಕಾಲು ಇನ್ನೂ ಅದುರ್ತಾ ಅವೆ. ಊಂ... ಇನ್ನೊಂದ್ಸಲ ಇಳಿಯೋ ಆತ್ರ ಇರ್ಬೇಕು."