ಕಾಫಿ ಬಿಟ್ಟ ನಲವತ್ತು ದಿನ

ಎಷ್ಟು ದೇಶ ಸುತ್ತಿ ಬಂದರೂ ನನ್ನ ಹಣೆಬರಹ ಒಂದೇ: ಬೈಬಲ್ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಲು ಹೊರಡುವುದು, ನಗೆಪಾಟಲಾಗುವುದು. ತೊಂಬತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲೂ ಹಾಗೇ ಆಯಿತು.

ನಗುಮುಖದ ಉಪವಾಸ

ಮಸ್ಕತ್ತು, ನೈರೋಬಿ ಎಂದು ನರ್ಸ್ ಕೆಲಸ ಮಾಡಿ ಬಂದು, ಗೋಣಿಬೀಡಿನ ಹತ್ತಿರದ ಒಂದು ಎಸ್ಟೇಟಿನ ದವಾಖಾನೆ ಸೇರಿದ್ದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾದ ದಿನ ಫಾದರ್ ಪ್ರಸಂಗದಲ್ಲಿ ಹೇಳಿದರು: ಈಸ್ಟರ್‌ವರೆಗೆ ಇಷ್ಟವಾದದ್ದೊಂದನ್ನು ಬಿಡಿ. ಆದರೆ ಯೇಸುಸ್ವಾಮಿ ಹೇಳಿದ ಹಾಗೆ, ಮುಖ ಸಪ್ಪಗೆ ಮಾಡಿಕೊಂಡು ಲೋಕಕ್ಕೆ ತೋರಿಸಬೇಡಿ, ಗುಟ್ಟಾಗಿರಲಿ.

ನಾನು ಕಾಫಿ ಬಿಟ್ಟೆ. ಅದೂ ಸುತ್ತಲಿನ ತೋಟವೆಲ್ಲ ಹೂಬಿಟ್ಟು ಘಮಘಮಿಸುವಾಗ!

ಮೂರನೇ ದಿನ ತಲೆ ಸಿಡಿಯುತ್ತಿತ್ತು. ಮುಖ ಸಪ್ಪಗಾಗಬಾರದಲ್ಲ? ಇಂಜೆಕ್ಷನ್ ಚುಚ್ಚುವಾಗಲೂ ಹಲ್ಲು ಕಿರಿದುಕೊಂಡೇ ಇದ್ದೆ. ಸಾಲಿನಲ್ಲಿದ್ದ ಮೇಸ್ತ್ರಿ ಮಡಚಿದ ಅಂಗಿ ತೋಳು ಇಳಿಸಿಕೊಂಡು ಹಿಂದೆ ಸರಿದ. "ಸಿಸ್ಟರೇ, ನನ್ ಜ್ವರ ವಾಸಿ ಆಯ್ತು. ನೀವು ಸ್ವಲ್ಪ ಮಲ್ಕೊಳ್ಳಿ."

ಇಲ್ಲದ ಕಾಯಿಲೆ

ಪಕ್ಕದ ತೋಟದ ಗೌಡರ ಹೆಂಡತಿ ನನಗೆ ಅಕ್ಕನಿದ್ದ ಹಾಗೆ. ದಿನಾ ಸಂಜೆ ಅವರ ಜಗಲಿಯಲ್ಲಿ ನಮ್ಮಿಬ್ಬರ ಕಾಫಿ. ಗುಟ್ಟು ಕಾಪಾಡಲು, "ಅಸಿಡಿಟಿ ಅಕ್ಕ" ಎಂದೆ. ಪಾಪ, ಜೀರಿಗೆ ಕಷಾಯ, ಬಾಳೆದಿಂಡಿನ ರಸ, ಮಜ್ಜಿಗೆ ಎಲ್ಲ ಕುಡಿಸಿದರು. ಹದಿನೈದು ದಿನದಲ್ಲಿ ನನಗಿಲ್ಲದ ಕಾಯಿಲೆ ವಾಸಿಯಾಗಿದೆ ಎಂದು ಅವರೇ ತೀರ್ಮಾನಿಸಿ, ಹಬೆಯಾಡುವ ಕಾಫಿ ತಂದಿಟ್ಟರು.

"ಬೇಡ ಅಕ್ಕ."

"ಈಗೇನು? ದೇಶ ದೇಶದ ಕಾಫಿ ಕುಡಿದೋರಿಗೆ ನಮ್ಮದು ಸೇರಲ್ವೇನೋ."

ಲೋಟ ಒಳಗೆ ಹೋಯಿತು. ಮರುದಿನದಿಂದ ನನ್ನನ್ನು ಕಂಡರೆ ಅವರೂ ಒಳಗೆ ಹೋದರು. ಅಷ್ಟು ದೇಶಗಳಲ್ಲಿ ಒಬ್ಬಂಟಿಯಾಗಿದ್ದವಳಿಗೆ ಒಂಟಿತನ ಎಂದರೇನೆಂದು ಗೊತ್ತಾಗಿದ್ದು ಆ ವಾರ.

ಪ್ರಾಯಶ್ಚಿತ್ತ

ಪಾಪನಿವೇದನೆಗೆ ಹೋದೆ. "ಫಾದರ್, ಗುಟ್ಟು ಉಳಿಸ್ಕೊಂಡೆ. ಸುಳ್ಳು ಹೇಳಿದೆ. ಅಕ್ಕನ್ನ ಕಳ್ಕೊಂಡೆ."

"ಹೋಗಿ ನಿಜ ಹೇಳಮ್ಮ, ಅದೇ ನಿನಗೆ ಪ್ರಾಯಶ್ಚಿತ್ತ."

"ಅದರ ಬದಲು ಐವತ್ತು ಜಪಸರ ಮಾಡ್ಲಾ ಫಾದರ್?"

ಗೌಡರ ಪ್ರಶ್ನೆ

ಕೊನೆಗೆ ಹೋದೆ, ಬಾಗಿಲಲ್ಲೇ ನಿಂತು ಎಲ್ಲ ಒದರಿದೆ. ಅಕ್ಕ ಹಣೆ ಚಚ್ಚಿಕೊಂಡರು. "ಅಯ್ಯೋ ಮಾರಾಯ್ತಿ! ಸೋಮವಾರ, ಸಂಕಷ್ಟಿ ಅಂತ ಉಪವಾಸ ಮಾಡೋ ನನಗೆ ಹೇಳೋಕೇನಾಗಿತ್ತು? ಸರಿ, ಹಬ್ಬದವರೆಗೆ ನಾನೂ ಬಿಟ್ಟೆ. ನೀನೊಬ್ಳೇ ಯಾಕೆ ಒದ್ದಾಡ್ಬೇಕು?"

ನನಗೆ ಕಣ್ಣು ತುಂಬಿ ಬಂತು. ಆದರೆ ಅಕ್ಕ ಏನನ್ನೂ ಅರ್ಧಂಬರ್ಧ ಮಾಡುವವರಲ್ಲ. ತಾವು ಕುಡಿಯದ್ದನ್ನು ಮನೆಯಲ್ಲಿ ಕಾಸುವುದೂ ಇಲ್ಲ ಎಂದು ಫಿಲ್ಟರನ್ನೇ ತೊಳೆದು ಅಟ್ಟಕ್ಕೇರಿಸಿದರಂತೆ.

ಶುಭ ಶುಕ್ರವಾರದ ಪ್ರಾರ್ಥನೆ ಮುಗಿಸಿ ಹೊರಬಂದರೆ, ಚರ್ಚಿನ ಗೇಟಿನ ಹತ್ತಿರ ಜೀಪಿಗೊರಗಿ ಗೌಡರು ನಿಂತಿದ್ದಾರೆ. ನಲವತ್ತು ಎಕರೆ ಕಾಫಿ ಬೆಳೆಯುವ ಮನುಷ್ಯ, ಮುಖ ಬಾಡಿಹೋಗಿದೆ. ಫಾದರ್ ಅವರ ಹತ್ತಿರ ಬಂದು ಟೋಪಿ ತೆಗೆದು ತಗ್ಗಿದ ದನಿಯಲ್ಲಿ ಕೇಳಿದರು:

"ಫಾದರ್, ನಿಮ್ಮ ಸ್ವಾಮಿ ಮತ್ತೆ ಎದ್ದು ಬರೋದು ಯಾವತ್ತು?"

"ಭಾನುವಾರ ಬೆಳಗ್ಗೆ, ಗೌಡ್ರೇ."

"ಗಂಟೆ ಎಷ್ಟಕ್ಕೆ ಅಂತ ಸರಿಯಾಗಿ ಹೇಳಿ. ಹಾಲು ಕಾಯೋಕಿಡ್ಬೇಕು."