ಉಪವಾಸ ಹಿಡಿದ ಮೀನುಗಳು

ಶಿವನ ಮೇಲೆ ನನಗೆ ಭಕ್ತಿ ಕಡಿಮೆಯಿಲ್ಲ. ಆದರೆ ಮುಚ್ಚುಮರೆಯಿಲ್ಲದೆ ಒಂದು ಮಾತು ಹೇಳಿಬಿಡುತ್ತೇನೆ: ನನ್ನ ಭಕ್ತಿ ಉಂಡ ಮೇಲೆ ಚೆನ್ನಾಗಿ ಉಕ್ಕುತ್ತದೆ. ಮುಂಜಾನೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಎರಡು ರೊಟ್ಟಿ ತಿಂದು ನೀರು ಕುಡಿದೆನೆಂದರೆ ಲೋಕದ ಜೀವಿಗಳೆಲ್ಲ ಸುಖವಾಗಿರಲಿ ಎಂದು ಮನಸಾರೆ ಅನ್ನಿಸುತ್ತದೆ. ಹೊಟ್ಟೆ ಖಾಲಿಯಿದ್ದರೆ ಲೋಕದ ಮಾತು ಹಾಗಿರಲಿ, ಪಕ್ಕದ ಮನೆಯವರು ಸುಖವಾಗಿರುವುದೂ ಕಣ್ಣಿಗೆ ಚುಚ್ಚುತ್ತದೆ. ಉಪವಾಸವಿದ್ದರೆ ಕೆಲವರ ಕಣ್ಣೆದುರಿಗೆ ದೇವರು ಬರುತ್ತಾನಂತೆ. ನನ್ನ ಕಣ್ಣೆದುರಿಗೆ ಬರುವುದು ರೊಟ್ಟಿಯ ಬುಟ್ಟಿ.

ನಮ್ಮ ಅತ್ತೆ ಇದಕ್ಕೆ ತದ್ವಿರುದ್ಧ. ಸೋಮವಾರ ಒಪ್ಪತ್ತು, ಅಂದರೆ ದಿನಕ್ಕೊಂದೇ ಊಟ. ಅಮಾವಾಸ್ಯೆಗೆ ಒಪ್ಪತ್ತು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಇಳಿಯಲಿ ಎಂದು ಒಪ್ಪತ್ತು, ಇಳಿದರೆ ಇಳಿಯಿತಲ್ಲ ಎಂದು ಇನ್ನೊಂದು. ಆಗಿನ ಹಳಿಯಾಳದಲ್ಲಿ ಜ್ವರಕ್ಕೇನೂ ಬರವಿರಲಿಲ್ಲ. ಧಾರವಾಡದ ಕಡೆಯವರು ನಮ್ಮೂರಿಗೆ ಹೆಣ್ಣು ಕೊಡುವಾಗ ಹುಡುಗನಿಗೆ ಹೊಲ ಎಷ್ಟಿದೆ ಎಂದು ಕೇಳುತ್ತಿರಲಿಲ್ಲ, ಮಲೇರಿಯಾ ಬಂದು ಬಂದು ಹೊಟ್ಟೆಯಲ್ಲಿ ಊದಿಕೊಳ್ಳುವ ಜ್ವರಗಡ್ಡೆ ಇದೆಯೇ ಎಂದು ಕೇಳುತ್ತಿದ್ದರು. ನಮ್ಮಪ್ಪ ಎರಡನ್ನೂ ಕೇಳಲಿಲ್ಲ. ಹುಡುಗನಿಗೆ ಕಿರಾಣಿ ಅಂಗಡಿ ಇದೆ ಎಂದ ಕೂಡಲೇ, ಮಗಳು ಉಪವಾಸ ಬೀಳುವುದಿಲ್ಲ ಎಂದು ಒಪ್ಪಿಬಿಟ್ಟ. ಅವನಿಗೆ ನಮ್ಮ ಅತ್ತೆಯ ಪರಿಚಯವಿರಲಿಲ್ಲ.

ಮನೆಯ ಹಿಂದೆ ಒಂದು ಹೊಂಡವಿತ್ತು. ಮಾವನವರು ಮನೆ ಕಟ್ಟುವಾಗ ಗೋಡೆಗೆಂದು ಮಣ್ಣು ತೋಡಿದ ಜಾಗ ಅದು. ಮನೆ ಎದ್ದಿತು, ಕುಣಿ ಹಾಗೇ ಉಳಿಯಿತು, ಮಳೆ ತುಂಬಿತು. ಪಾತ್ರೆ ತೊಳೆಯಲು, ಆಕಳ ಮೈ ತೊಳೆಯಲು, ಪೂಜೆಯ ಹೂವಿನ ಗಿಡಗಳಿಗೆ ಎಲ್ಲಕ್ಕೂ ಅದೇ ನೀರು. ಸೊಳ್ಳೆಗಳಿಗೂ ಅದೇ ತೌರುಮನೆ. ಎರಡನೆಯ ಮಹಾಯುದ್ಧದ ಕಾಲ, ಜ್ವರದ ಕ್ವಿನೈನ್ ಗುಳಿಗೆ ದೇವರ ದರ್ಶನದಷ್ಟೇ ಅಪರೂಪವಾಗಿತ್ತು. ಆ ಬೇಸಿಗೆಯಲ್ಲಿ ಜ್ವರದ ಇಲಾಖೆಯ ಸಾಹೇಬರೊಬ್ಬರು ಬಂದು ಹೊಂಡ ನೋಡಿ, "ಒಂದೋ ಇದನ್ನ ಮುಚ್ಚರಿ, ಇಲ್ಲಾ ಇದರಾಗ ಮೀನ ಬಿಡ್ರಿ" ಎಂದರು. ಮುಚ್ಚಿದರೆ ನಾನು ಕೆರೆಯಿಂದ ದಿನಕ್ಕೆ ಹತ್ತು ಕೊಡ ಹೊರಬೇಕು. ನಾನು ಕೂಡಲೇ ಮೀನಿನ ಪಕ್ಷ ಸೇರಿದೆ.

ಅತ್ತೆ ಹೌಹಾರಿದರು. "ಲಿಂಗವಂತರ ಹಿತ್ತಲದಾಗ ಮೀನ? ಮಂದಿ ಏನಂದಾರು?"

"ಅವು ನಾವು ತಿನ್ನಾಕ ಅಲ್ಲವ್ವಾ" ಎಂದರು ನಮ್ಮ ಮನೆಯವರು. "ಅವು ಸೊಳ್ಳಿ ಮರಿ ತಿನ್ನಾಕ."

"ಅಂದ್ರ ಅವೂ ಮಾಂಸ ತಿನ್ನೂ ಮಂದೀನ ಆತು!"

ನಮ್ಮ ಮನೆಯವರು ಅಂಗಡಿ ತೆರೆಯುವ ಹೊತ್ತಾಯಿತೆಂದು ಎದ್ದು ಹೋದರು. ಕಡೆಗೆ ಅತ್ತೆಯೇ ಒಂದು ದಾರಿ ಕಂಡುಹಿಡಿದರು. ದಿನಾ ಪೂಜೆಯಾದ ಮೇಲೆ ಪ್ರಸಾದದ ನಾಲ್ಕು ಅಗುಳು ಹೊಂಡಕ್ಕೆ ಹಾಕಬೇಕು. ಪ್ರಸಾದ ಹೊಟ್ಟೆಗೆ ಹೋದರೆ ಎಂಥವರಿಗೂ ಒಂದಲ್ಲ ಒಂದು ದಿನ ಬುದ್ಧಿ ಬರುತ್ತದೆ ಎಂಬುದು ಅವರ ನಂಬಿಕೆ. ಹೀಗೆ ಬೆರಳುದ್ದದ ಮೀನುಗಳು ನಮ್ಮ ಹೊಂಡಕ್ಕೆ ಇಳಿದವು. ಪ್ರಸಾದವನ್ನೂ ತಿಂದವು, ಸೊಳ್ಳೆಯ ಮರಿಗಳನ್ನೂ ಬಿಡಲಿಲ್ಲ. ಹಿಂದಿನ ಮಳೆಗಾಲದಲ್ಲಿ ಮೂರು ಸಲ ನಡುಗುತ್ತ ಮಲಗಿದ್ದ ನನ್ನ ಮಗಳು ಆ ವರ್ಷ ಒಂದೇ ಸಲ ಮಲಗಿದಳು. ಅದೂ ಶಾಲೆ ತಪ್ಪಿಸಲು. ಇದನ್ನು ನಾನು ಶಿವನ ಉಪಕಾರಗಳಲ್ಲಿ ಮೊದಲನೆಯದಾಗಿ ಎಣಿಸಿಕೊಂಡೆ. ಮಗಳ ಬೆನ್ನಿಗೆ ಎರಡು ಬಿಗಿದದ್ದು ಬೇರೆ.

ಆಮೇಲೆ ಚಳಿ ಬಂತು. ಆ ವರ್ಷದ ಚಳಿಯನ್ನು ನೆನೆದರೆ ಈಗಲೂ ಹಲ್ಲು ಕಟಕಟ ಅನ್ನುತ್ತವೆ. ಕೊಬ್ಬರಿ ಎಣ್ಣೆ ಕಲ್ಲಾಯಿತು, ಮೊಸರು ಹೆಪ್ಪುಗಟ್ಟಲು ಒಲ್ಲೆ ಎಂದಿತು, ನಮ್ಮ ಮನೆಯವರು ಕಂಬಳಿ ಹೊದ್ದುಕೊಂಡೇ ಅಂಗಡಿಯ ತಕ್ಕಡಿ ಹಿಡಿದರು. ನಮ್ಮ ಹೊಂಡಕ್ಕೆ ಬಿದಿರು ಮೆಳೆಯ ನೆರಳು ಬೇರೆ. ಬಿಸಿಲು ಬೀಳುವುದು ನಡುಮಧ್ಯಾಹ್ನದಲ್ಲಿ ಒಂದು ಗಳಿಗೆ ಮಾತ್ರ. ಒಂದು ಸೋಮವಾರ ಪ್ರಸಾದ ಹಾಕಿದರೆ ಒಂದೂ ಮೀನು ಮೇಲೆ ಬರಲಿಲ್ಲ. ಬಗ್ಗಿ ನೋಡಿದರೆ ಎಲ್ಲವೂ ತಳದಲ್ಲಿ ಕೆಸರಿಗೆ ಹೊಟ್ಟೆ ಹಚ್ಚಿ ಸುಮ್ಮನೆ ನಿಂತಿವೆ. ಮಂಗಳವಾರವೂ ಅಷ್ಟೇ, ಬುಧವಾರವೂ ಅಷ್ಟೇ. ಇವು ಸತ್ತರೆ ಹೊಂಡ ಮುಚ್ಚುವುದು ಖಂಡಿತ, ಇಲ್ಲವೇ ಜ್ವರ ಬರುವುದು ಖಂಡಿತ. ಮೇಲಾಗಿ ನಂಬಿ ನಮ್ಮ ಮನೆಗೆ ಬಂದ ಜೀವಗಳು. ಅಂಜುತ್ತ ಅತ್ತೆಯ ಮುಂದೆ ಹೇಳಿದೆ.

ಅತ್ತೆ ಬಂದು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖದ ಮೇಲೆ ನಾನು ಎಂದೂ ಕಾಣದ ಒಂದು ಬೆಳಕು ಮೂಡಿತು.

"ಯಾವತ್ತಿನಿಂದ ಉಣ್ಣೂದ ಬಿಟ್ಟಾವ?"

"ಸೋಮವಾರದಿಂದರಿ ಅತ್ತ್ಯಾರ."

"ಸೋಮವಾರ!" ಎಂದು ಅವರು ಎರಡೂ ಕೈ ಮುಗಿದರು. "ನೋಡ ನೀಲಾ, ಪ್ರಸಾದದ ಮಹಿಮಾ! ಉಪವಾಸ ಹಿಡದಾವ!"

ಸಂಜೆಯೊಳಗೆ ಓಣಿಯ ಹೆಂಗಸರೆಲ್ಲ ಬಂದು ಹೊಂಡದ ಅಂಚಿನ ಕಲ್ಲಿಗೆ ವಿಭೂತಿ ಹಚ್ಚಿ ಹೋದರು. ಅಲ್ಲಿಗೆ ನಿಂತಿದ್ದರೆ ನಾನೂ ಒಂದು ಹೂವೇರಿಸಿ ಸುಮ್ಮನಿರುತ್ತಿದ್ದೆ. ಆದರೆ ಮರುದಿನ ಮುಂಜಾನೆ ನಾನು ರೊಟ್ಟಿಯ ಬುಟ್ಟಿಗೆ ಕೈ ಹಾಕುವ ಹೊತ್ತಿಗೆ ಅತ್ತೆಯ ದನಿ ಕೇಳಿತು: "ಮೀನ ಉಪವಾಸ ಇದ್ದಾವ, ಮನಿ ಸೊಸಿ ಮುಂಜಾನೆದ್ದು ರೊಟ್ಟಿ ಮುರೀತಾಳ. ಛಲೋ ಆತು! ಅವು ಉಣ್ಣೂತನಕ ನೀನೂ ಒಪ್ಪತ್ತು ಮಾಡು. ನಾ ಅಂತೂ ಮಾಡಾಕಿ."

ಅತ್ತೆಗೆ ಅದೇನೂ ಹೊಸತಲ್ಲ. ನಮ್ಮ ಮನೆಯವರಿಗೆ ಅಂಗಡಿಯಲ್ಲಿ ಚುರುಮುರಿ ಡಬ್ಬಿಯಿತ್ತು. ನನಗಿದ್ದದ್ದು ಮೀನುಗಳೊಂದೇ. ಅವು ಬಾಯಿ ತೆರೆದರೆ ನನ್ನ ಬಾಯಿಗೂ ಮುಂಜಾನೆಯ ರೊಟ್ಟಿ. ಅಂದಿನಿಂದ ಆ ಮೀನುಗಳನ್ನು ಉಣ್ಣಿಸಲು ನಾನು ಪಟ್ಟ ಪಾಡು ಹೆತ್ತ ಮಗಳಿಗೂ ಪಟ್ಟಿರಲಿಲ್ಲ. ಅವಲಕ್ಕಿ ಹಾಕಿದೆ, ಎಳ್ಳು ಹಾಕಿದೆ, ಹುರಿದ ಶೇಂಗಾ ಕುಟ್ಟಿ ಹಾಕಿದೆ. ಎಲ್ಲ ಅವುಗಳ ಮೂಗಿನ ಮುಂದೆಯೇ ಹಾದು ಕೆಸರಿಗೆ ಬಿತ್ತು. ಒಂದು ದಿನ, ಪಾಪ, ಚಳಿಯಾಗಿರಬೇಕು ಎಂದು ಬಚ್ಚಲಿನ ಹಂಡೆಯಿಂದ ಒಂದು ಕೊಡ ಬಿಸಿನೀರು ಹೊತ್ತು ತಂದು ಹೊಂಡದ ಅಂಚಿಗೆ ಮೆಲ್ಲಗೆ ಸುರಿಯುತ್ತಿದ್ದೆ. ಅತ್ತೆ ಕಂಡು ಕೂಗಿದರು: "ವ್ರತಾ ಕೆಡಸ್ತಿ ಏನ, ಪುಣ್ಯಾತಗಿತ್ತಿ!" ನಮ್ಮ ಮನೆಯವರು ಕಂಬಳಿಯೊಳಗಿಂದಲೇ ನಕ್ಕರು: "ಬಿಡವ್ವಾ. ತಪಸ್ಸ ಕೆಡಸಾಕ ದೇವಲೋಕದಿಂದ ಅಪ್ಸರಾ ಬಂದಾಳ." ಕೈಯಲ್ಲಿ ಕೊಡ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮೂಗಿನ ತುದಿಯಲ್ಲಿ ಮಸಿ. ನಾನು ಅಪ್ಸರೆ ಅನ್ನಿಸಿಕೊಂಡದ್ದು ಜೀವಮಾನದಲ್ಲಿ ಅದೊಂದೇ ಸಲ.

ಸಂತೆಯ ದಿನ ಜೋಯಿಡಾ ಕಡೆಯ ಜನಾಬಾಯಿ ಬಂದಳು. ಚಳಿಗಾಲದಲ್ಲಿ ಕಾಡಿನ ಗೆಡ್ಡೆಗೆಣಸು ಬುಟ್ಟಿಯಲ್ಲಿ ಹೊತ್ತು ಮಾರುವ ಮುದುಕಿ. ಮಾತು ಅರ್ಧ ಕನ್ನಡ, ಅರ್ಧ ಕೊಂಕಣಿ. ಅವಳನ್ನು ಹಿತ್ತಲಿಗೆ ಕರೆದು ಗುಟ್ಟಾಗಿ ಮೀನು ತೋರಿಸಿದೆ. ಅವಳು ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡು ನಕ್ಕಳು.

"ಅಗೋ ಬಾಯೀ, ಉಪಾಸ ಇಲ್ಲ, ಗಿಪಾಸ ಇಲ್ಲ. ಥಂಡಿ! ನಮ್ಮ ಹೊಳ್ಯಾಗ ಭೀ ಹಿಂಗೇ. ಥಂಡ್ಯಾಗ ಮೀನಕ್ಕ ಹಸಿವಿ ಇಲ್ಲ, ಗಾಳಕ್ಕ ಬೀಳೂದಿಲ್ಲ. ಮಧ್ಯಾಹ್ನ ಬಿಸಿಲ ಬಿತ್ತಂದ್ರ ಕೆಸರಾಗಿಂದ ಏನರ ಒಂಚೂರ ತಿಂತಾವ, ಮತ್ತ ಸುಮ್ಮ. ನೀ ಹಿಂಗ ಶೇಂಗಾ ಹಾಕಬ್ಯಾಡ. ತಳದಾಗ ಕೊಳೆತು ನೀರ ನಾತ ಹೊಡದ್ರ ಆವಾಗ ಸಾಯ್ತಾವ. ಬಿಟ್ಟಬಿಡು, ಬದುಕ್ತಾವ."

ನನ್ನ ಕಣ್ಣಲ್ಲಿ ನೀರು ಬಂತು. ಎರಡನೆಯ ಉಪಕಾರ ಎಣಿಸಿಕೊಂಡೆ: ಮೀನು ಸಾಯುವುದಿಲ್ಲ. ಹುಟ್ಟಿದಂದಿನಿಂದ ಮೀನು ಮುಟ್ಟದ ನಾನು ಪ್ರೀತಿಯಿಂದಲೇ ಅವನ್ನು ಕೊಲ್ಲಲು ಹೊರಟಿದ್ದೆ. ಹಿಡಿದು ತಿನ್ನುವವಳು ಬದುಕಿಸಿದಳು. ಅವು ಮಧ್ಯಾಹ್ನ ಗುಟ್ಟಾಗಿ ತಿನ್ನುತ್ತಿದ್ದವು ಎಂದು ತಿಳಿದಾಗ, ದಿನಾ ಮುಂಜಾನೆ ದನದ ಕೊಟ್ಟಿಗೆಯಲ್ಲಿ ಅಡಗಿ ಬೆಲ್ಲದ ಚೂರು ಚಪ್ಪರಿಸುತ್ತಿದ್ದ ನನಗೆ ಅವುಗಳ ಮೇಲೆ ಅಕ್ಕತಂಗಿಯರ ಅಕ್ಕರೆ ಹುಟ್ಟಿತು. ಈ ಸುದ್ದಿಯನ್ನು ಅತ್ತೆಗೆ ಮೆಲ್ಲಗೆ ಮುಟ್ಟಿಸಿ ನೋಡಿದೆ, ಬೆಲ್ಲದ್ದಲ್ಲ, ಥಂಡಿಯದ್ದು.

"ತಿನ್ನಾಕಿ ಮಾತು ಕೇಳ್ತಿ?" ಎಂದರು ಅತ್ತೆ. "ಆಕಿಗೆ ಮೀನಿನ ರುಚಿ ಗೊತ್ತು. ಮನಸ ಏನ ಗೊತ್ತು?"

ನನಗೆ ನನ್ನ ಹೊಟ್ಟೆಯ ಮನಸ್ಸು ಗೊತ್ತಿತ್ತು, ಕೇಳುವವರಿರಲಿಲ್ಲ. ಪ್ರಸಾದವನ್ನು ಆಕಳಿಗೆ ಹಾಕುತ್ತ, ಹೊಂಡದ ಕಡೆ ಹೋಗದೆ, ಬಿಸಿಲು ಬಲಿಯುವುದನ್ನು ಕಾಯುತ್ತ ಕುಳಿತೆ. ಸಂಕ್ರಮಣ ಹೋಯಿತು, ಪುಷ್ಯದ ಅವರಾತ್ರಿ ಅಮಾವಾಸ್ಯೆ ಹೋಯಿತು. ನನ್ನ ಬಳೆಗಳು ಮೊಣಕೈವರೆಗೆ ಸಲೀಸಾಗಿ ಏರತೊಡಗಿದವು.

ಕೊನೆಗೆ ಒಂದು ಮುಂಜಾನೆ, ಹೂವಿಗೆಂದು ಹಿತ್ತಲಿಗೆ ಹೋದಾಗ ನೀರಿನ ಮೇಲೆ ಗುಳುಗುಳು ಸದ್ದು. ಒಂದೂ ಕಡಿಮೆಯಾಗದೆ ಎಲ್ಲ ಮೀನುಗಳೂ ಮೇಲೆ ಬಂದು ಬಾಯಿ ತೆರೆದು ನನ್ನನ್ನೇ ನೋಡುತ್ತಿವೆ! ಮೂರನೆಯ ಉಪಕಾರ. ಓಡಿಹೋಗಿ ಒಂದು ಹಿಡಿ ಚುರುಮುರಿ ತಂದು ಎರಚಿದೆ. ಮುಗಿಬಿದ್ದವು. ಆಮೇಲೆ ನೆನಪಾಯಿತು, ಅಂದು ಶಿವರಾತ್ರಿ. ಊರಿಗೆ ಊರೇ ನೀರೂ ಮುಟ್ಟದ ದಿನ ನಮ್ಮ ಮನೆಯ ಶರಣರು ಚುರುಮುರಿ ಮುಕ್ಕುತ್ತಿದ್ದರು. ತಿರುಗಿದರೆ ಬೆನ್ನ ಹಿಂದೆ ಅತ್ತೆ.

ಚುರುಮುರಿ ಎರಚಿದ ಕೈಯನ್ನು ಸೆರಗಿನೊಳಗೆ ಅಡಗಿಸಿದೆ. ಆದರೆ ಅತ್ತೆ ಬೈಯಲಿಲ್ಲ. ಮೀನುಗಳನ್ನು ನೋಡಿದರು, ನನ್ನ ಬಳೆಗಳನ್ನು ನೋಡಿದರು, ಒಳಗೆ ಹೋದರು. ಬರುವಾಗ ತಾಟಿನಲ್ಲಿ ಎರಡು ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮೇಲೆ ಒಂದು ಮಿಳ್ಳೆ ಎಣ್ಣೆ.

"ಮಾತಂದ್ರ ಮಾತು" ಎಂದರು. "ಅವು ಉಣ್ಣೂತನಕ ಅಂದಿದ್ದೆ, ಉಂಡವು. ಭಾಳ ಬಸವಳದೀಯವ್ವಾ. ಶಿವಗ ನಾ ಹೇಳ್ತೇನಿ, ನೀ ಉಣ್ಣು."

ನಮ್ಮ ಸೀಮೆಯಲ್ಲಿ ಯಾರೂ ಮೊದಲ ಸಲ ಕೊಟ್ಟಾಗಲೇ ತಾಟಿಗೆ ಕೈ ಚಾಚುವುದಿಲ್ಲ. ಎರಡು ಸಲ ಬೇಡ ಅನ್ನಬೇಕು, ಕೊಡುವವರು ಮೂರು ಸಲ ಒತ್ತಾಯ ಮಾಡಬೇಕು. ಹೆತ್ತವ್ವ ಕಲಿಸಿದ ಸಂಸ್ಕಾರ. ಅದು ಹಸಿವಿನಲ್ಲೂ ಬಾಯಿಂದ ತಾನಾಗಿ ಉದುರಿತು.

"ಬ್ಯಾಡ್ರಿ ಅತ್ತ್ಯಾರ, ಇವತ್ತು ಶಿವರಾತ್ರಿ..."

ಅತ್ತೆಯ ಕಣ್ಣು ತುಂಬಿ ಬಂತು. "ಭೇಷ್, ನನ್ನ ಮಗಳ! ನಿನಗ ನಾ ಏನೋ ತಿಳಕೊಂಡಿದ್ದೆ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಎರಡನೆಯ ಸಲ ಕೇಳಲಿಲ್ಲ. ಹೊಂಡದ ಕಲ್ಲಿನ ಮೇಲೆ ಕುಳಿತು ಆ ಎರಡೂ ರೊಟ್ಟಿಗಳನ್ನು ಪುಡಿ ಮಾಡಿ ಮಾಡಿ ನೀರಿಗೆ ಹಾಕಿದರು. ನಾನು ಕೊನೆಯ ಚೂರಿನವರೆಗೂ ನೋಡುತ್ತ ನಿಂತಿದ್ದೆ. ಮೀನುಗಳು ಒಂದು ಸಲವೂ ಬೇಡ ಅನ್ನಲಿಲ್ಲ.