ಯಾರ ಕಣ್ಣಿಗೂ ಬೀಳದ ಚಪ್ಪರ

ದೇವಾನಂದನ ನಿದ್ದೆಗೆ ಶತ್ರು ಅಂತ ಇದ್ದದ್ದು ಒಂದೇ ಒಂದು ಹೊಲಿಗೆ ಮಿಷನ್ನು. ಪವಾಯಿಯ ಕಂಪನಿಯಲ್ಲಿ ಅವನಿಗೆ ಕಾಯಂ ರಾತ್ರಿಪಾಳಿ. ಭಾಂಡುಪಿನ ಒಂದೇ ಖೋಲಿಯ ಮನೆಯಲ್ಲಿ, ಹೆಂಡತಿ ರಂಜನಾ ಸೀರೆಗಳಿಗೆ ಫಾಲ್ ಹಚ್ಚುವ ಮಿಷನ್ನಿಗೆ ಕಾಯಂ ಹಗಲುಪಾಳಿ. ಇವನು ಕಣ್ಣು ಮುಚ್ಚುವುದಕ್ಕೂ ಅದು ಬಾಯಿ ತೆರೆಯುವುದಕ್ಕೂ ಸರಿಹೋಗುತ್ತಿತ್ತು. ಕಿವಿಗೆ ಹತ್ತಿ ತುರುಕಿಕೊಂಡರೆ ಗಡಗಡ ಸದ್ದು ಮಂಚದ ಕಾಲು ಹತ್ತಿ ಹಲ್ಲಿನೊಳಗೆ ಬಂದು ಕೂರುತ್ತಿತ್ತು.

ಹೋದ ತಿಂಗಳು ಬೇಸತ್ತು, ಬಿಲ್ಡಿಂಗಿನ ಟೆರೇಸಿನಲ್ಲಿ ನೀರಿನ ಟಾಕಿಯ ಪಕ್ಕ ನಾಲ್ಕು ಬಿದಿರು ನಿಲ್ಲಿಸಿ, ಮೇಲೆ ತಗಡು ಹೊದಿಸಿ, ಕೆಳಗೊಂದು ಮಡಿಚುವ ಮಂಚ ಹಾಕಿಕೊಂಡ. ಆಹಾ! ರಾಜಕುಮಾರಿಯನ್ನು ಹುಡುಕಿಕೊಂಡು ಏಳು ಸಮುದ್ರ ದಾಟಿದವನಿಗೂ ಅಷ್ಟು ಸುಖ ಸಿಕ್ಕಿರಲಿಕ್ಕಿಲ್ಲ.

ಇವತ್ತು ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದವನಿಗೆ ಮೆಟ್ಟಿಲ ಬಳಿಯ ಬೋರ್ಡಿನಲ್ಲಿ ಹೊಸ ನೋಟೀಸು ಕಂಡಿತು: "ಟೆರೇಸಿನ ಶೆಡ್ಡುಗಳು. ಇಂದು ಸಂಜೆ ಐದಕ್ಕೆ ಸೆಕ್ರೆಟರಿಯವರಿಂದ ತಪಾಸಣೆ." ಅದರ ಕೆಳಗಿನ ಅರ್ಧದ ಮೇಲೆ ತಳಮಹಡಿಯ ಕಾಶವ್ವ ತನ್ನ ಚೀಟಿ ಅಂಟಿಸಿದ್ದಳು: "ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಸಿಗುತ್ತದೆ." ದೇವಾನಂದನಿಗೆ ಮೇಲಿನ ಅರ್ಧವೇ ಸಾಕಾಯಿತು. ಸೆಕ್ರೆಟರಿ ಪ್ರೀತಮ್ ಎಂದರೆ, ಮೆಟ್ಟಿಲಲ್ಲಿಟ್ಟ ತುಳಸಿಕುಂಡವನ್ನೂ ಮುಲಾಜಿಲ್ಲದೆ ಎತ್ತಿಸಿದ ಪುಣ್ಯಾತ್ಮ. ಚಪ್ಪರ ಬಿಚ್ಚಿಡೋಣವೆಂದರೆ, ಒಮ್ಮೆ ಬಿಚ್ಚಿದ್ದನ್ನು ಮತ್ತೆ ಕಟ್ಟಲು ಯಾರು ಬಿಡುತ್ತಾರೆ?

ಆಗ ಅವನಿಗೆ ಅಜ್ಜಿಯ ಕತೆ ನೆನಪಾಯಿತು. ಅದರಲ್ಲೊಂದು ಮಾಯದ ಕಂಬಳಿ. ಹೊದ್ದವನು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಸೈನಿಕರ ಹತ್ತಿರ ಅಂಥ ಕಂಬಳಿ ನಿಜವಾಗಿಯೂ ಇತ್ತು! ಬಲೆಗೆ ಹಸಿರು ಬಟ್ಟೆಯ ಚೂರು ಕಟ್ಟಿ ಡೇರೆಯ ಮೇಲೆ ಹಾಸಿದರೆ, ಡೇರೆ ಹೋಗಿ ಪೊದೆಯಾಗುತ್ತಿತ್ತು.

ಬಲೆ ಮನೆಯಲ್ಲೇ ಇತ್ತು, ಪಾರಿವಾಳ ಬರದಂತೆ ಕಿಟಕಿಗೆ ಕಟ್ಟಿದ್ದು. ರಂಜನಾ ತರಕಾರಿಗೆ ಹೋದದ್ದೇ ತಡ, ಅದನ್ನು ಬಿಚ್ಚಿದ. ಮಿಷನ್ನಿನ ಪಕ್ಕ ಹಸಿರು ಬಟ್ಟೆಯ ಉದ್ದುದ್ದ ಪಟ್ಟಿಗಳ ಕಟ್ಟೊಂದಿತ್ತು. ದೇವರೇ ಕೊಟ್ಟನೆಂದು ಕತ್ತರಿ ಆಡಿಸಿದ.

ಹನ್ನೊಂದಕ್ಕೆ ಚಪ್ಪರದ ಮೇಲೆ ಕಾಡು ಬೆಳೆದು ನಿಂತಿತು. ಸಂಡಿಗೆ ಒಣಹಾಕಲು ಬಂದ ಕಾಶವ್ವ ತಟ್ಟೆ ಹಿಡಿದು ಹಾಗೇ ನಿಂತಳು.

"ಯವ್ವಾ! ಏನೋ ತಮ್ಮಾ ಇದು? ಇಡೀ ಭಾಂಡುಪಿನ್ಯಾಗ ಇದೊಂದ ಹಸರು ಕಾಣಾಕತ್ತೈತಿ!"

"ಕಾಣಬಾರದು ಅಂತನ ಮಾಡೇನಿ, ಕಾಕು. ಸೈನ್ಯದಾಗ ಹಿಂಗ ಮಾಡ್ತಾರ."

"ಸೈನ್ಯದವ್ರು ಕಾಡಿನ್ಯಾಗ ಇರ್ತಾರ. ನೀ ಟೆರೇಸಿನ ಮ್ಯಾಲ ಅದಿ. ಸುತ್ತ ಕಣ್ಣಾಡಿಸಿ ನೋಡು."

ಅವನು ನೋಡಿದ. ಮಳೆಗಾಲಕ್ಕೆಂದು ಎಲ್ಲ ಬಿಲ್ಡಿಂಗುಗಳೂ ತಲೆಗೆ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ ಸುತ್ತಿಕೊಂಡಿದ್ದವು. ಅವುಗಳ ನಡುನಡುವೆ ಒಡೆದ ಬಕೆಟ್ಟು, ಗೋಣಿಚೀಲ, ತುಕ್ಕು ಹಿಡಿದ ಡಿಶ್ಶು.

"ಇದ್ದ ಊರಿನಂಗ ಇದ್ರ ಯಾರೂ ನೋಡಂಗಿಲ್ಲಪ್ಪ," ಎಂದು ಕಾಶವ್ವ ಸಂಡಿಗೆ ಬಿಟ್ಟು ಸೆರಗು ಸಿಕ್ಕಿಸಿದಳು. ಹಸಿರು ಹೋಯಿತು. ಹರಿದ ತಾಡಪತ್ರಿಯ ಚೂರು, ಗೋಣಿಯ ನಾರು, ಒಂಟಿ ಚಪ್ಪಲಿ, ತೂತುಬಿದ್ದ ಬನಿಯನ್ನು, ಎಲ್ಲ ಬಲೆಗೆ ಬಂದು ಕೂತವು. ಮಿಕ್ಸರಿನ ಮುರಿದ ಮುಚ್ಚಳವನ್ನು ಕಾಶವ್ವ ತನ್ನ ಮನೆಯಿಂದಲೇ ತಂದು, ಮದುಮಗಳಿಗೆ ಬೈತಲೆಬೊಟ್ಟು ಇಡುವಂತೆ ನಡುವೆ ಕಟ್ಟಿದಳು.

ಅಷ್ಟರಲ್ಲಿ ರಂಜನಾ ಮೇಲೆ ಬಂದಳು. ಕೈಯಲ್ಲಿ ಪೊರಕೆ, ತಲೆಯ ಮೇಲೆ ಪಾರಿವಾಳದ ಪುಕ್ಕ.

"ರೀ! ಕಿಟಕಿ ಜಾಲಿ ಎಲ್ಲೈತಿ? ಮನ್ಯಾಗ ಪಾರಿವಾಳ ಸಂಸಾರ ಹೂಡ್ಯಾವು! ನನ್ನ ಹಸರು ಫಾಲ್ ಎಲ್ಲಿ? ಮದುವಿ ಸೀರಿಗೆ ಹನ್ನೆರಡು ಹೊಸಾ ಫಾಲ್ ತಂದಿಟ್ಟಿದ್ದೆ, ನಾಳೆ ಮುಂಜಾನೆ ಕೊಡಬೇಕು!"

ದೇವಾನಂದನ ಕಾಲಬುಡದಲ್ಲಿ ಆ ಹನ್ನೆರಡೂ ಫಾಲ್ ಗೇಣುಗೇಣು ತುಂಡಾಗಿ ಬಿದ್ದಿದ್ದವು. ಮುಂದೆ ರಂಜನಾ ಆಡಿದ್ದನ್ನು ಬರೆಯುವ ಹಾಗಿಲ್ಲ.

ಐದಕ್ಕೆ ಐದು ನಿಮಿಷವಿರುವಾಗ ಅವನು ಮಂಚದ ಮೇಲೆ ಮುದುಡಿಕೊಂಡು, ಬಲೆಯನ್ನು ನೆಲದವರೆಗೆ ಎಳೆದುಕೊಂಡ. ಮೆಟ್ಟಿಲಲ್ಲಿ ಬೂಟಿನ ಸದ್ದಾಯಿತು. ಪ್ರೀತಮ್ ರಿಜಿಸ್ಟರ್ ಹಿಡಿದು ಬಂದ. ಸಂಡಿಗೆ ಕಾಯುವ ನೆಪದಲ್ಲಿ ಕಾಶವ್ವ ಅಲ್ಲೇ ಕೂತಿದ್ದಳು.

"ಕ್ಯಾ ಮೌಸಿ, ಇಧರ್ ಕೋಯಿ ಶೆಡ್ ಹೈ?"

"ಶೆಡ್ಡಾ? ನಮ್ಮ ವಿಂಗಿನ ಮಂದಿ ಅಂಥವ್ರಲ್ಲ ಸಾಹೇಬ್ರ."

ಬೂಟುಗಳು ಟಾಕಿಯ ಹತ್ತಿರ ಬಂದವು. ಇನ್ನೂ ಹತ್ತಿರ. ಗೋಣಿಯ ನಾರು ದೇವಾನಂದನ ಮೂಗಿನೊಳಗೆ ಹೊಕ್ಕಿತು. ತಡೆದ, ತಡೆದ, ಆಗಲಿಲ್ಲ. ಆಕ್ಷೀ!

"ಏ, ಕೌನ್ ಹೈ?"

"ಬೆಕ್ಕು," ಎಂದಳು ಕಾಶವ್ವ. "ನೆಗಡಿ ಆಗೈತಿ ಪಾಪ."

ಪ್ರೀತಮ್ ಮೂಗು ಮುಚ್ಚಿಕೊಂಡ. "ಕಿತನಾ ಭಂಗಾರ್ ಜಮಾ ಕಿಯಾ ಹೈ! ಛೀ!" ಪೆನ್ನು ಕರಕರ ಎಂದಿತು. "ಬಿ ವಿಂಗ್... ಶೆಡ್... ನಿಲ್."

ತನ್ನರಮನೆಯನ್ನು ಕಸವೆಂದು ಕರೆಸಿಕೊಂಡು ದೇವಾನಂದನಷ್ಟು ಹಿಗ್ಗಿದವರು ಭೂಮಿಯ ಮೇಲಿರಲಿಕ್ಕಿಲ್ಲ. ಬೂಟಿನ ಸದ್ದು ಇಳಿದು ಹೋದದ್ದೇ, ಹೊರಗೆ ಬಂದು ಕಾಶವ್ವನ ಕಾಲು ಮುಟ್ಟಿದ.

ಇಬ್ಬರೂ ನಗುತ್ತ ಕೆಳಗಿಳಿದರು. ಬೋರ್ಡಿನ ಮುಂದೆ ಕಾಶವ್ವ ನಿಂತಳು. "ಇವತ್ತಿನ ರೊಟ್ಟಿ ತೀರಿದ್ವು, ಚೀಟಿ ತಗದಬಿಡ್ತೀನಿ," ಎಂದು ಕಿತ್ತಳು. ನೋಟೀಸಿನ ಉಳಿದರ್ಧ ಹೊರಬಿತ್ತು:

"ಮೇಲ್ಮಹಡಿ ಸೋರುತ್ತಿದ್ದು, ಶೆಡ್ಡಿದ್ದಲ್ಲಿ ಮಳೆನೀರು ಇಳಿಯದ ಕಾರಣ, ಇಂದಿನ ತಪಾಸಣೆಯಲ್ಲಿ ಕಂಡುಬರುವ ಎಲ್ಲ ಶೆಡ್ಡುಗಳನ್ನು ಕಾಯಂ ಮಾಡಲಾಗುವುದು. ನಾಳೆಯಿಂದ ಹೊಸ ಶೆಡ್ಡಿಗೆ ಅನುಮತಿ ಇಲ್ಲ."

ಅದರಡಿಯಲ್ಲಿ ಈಗಷ್ಟೇ ಬರೆದ ಕೆಂಪು ಅಕ್ಷರ: "ಎ ವಿಂಗ್: ಎರಡು ಶೆಡ್ಡು ಕಾಯಂ. ಬಿ ವಿಂಗ್: ಇಲ್ಲ. ಟಾಕಿ ಪಕ್ಕದ ಭಂಗಾರವನ್ನು ನಾಳೆ ಬೆಳಿಗ್ಗೆ ಎತ್ತಿಸಲಾಗುವುದು."

ದೇವಾನಂದ ಗೇಟಿನತ್ತ ಹೊರಟಿದ್ದ ಪ್ರೀತಮ್‌ನ ಹಿಂದೆ ಓಡಿದ. "ಸಾಬ್! ಸಾಬ್! ಮೇರಾ ಶೆಡ್ ಹೈ ಊಪರ್!"

ಪ್ರೀತಮ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಝೂಟ್ ಮತ್ ಬೋಲೊ. ಮೈನೇ ಖುದ್ ದೇಖಾ, ಕುಛ್ ನಹೀಂ ಹೈ. ಮೌಸಿ ಭೀ ಗವಾಹ್ ಹೈ!" ಕಣ್ಣಾರೆ ನೋಡಿದವನು ಅವನೇ, ಸಾಕ್ಷಿಗೆ ಮೌಸಿ; ರಿಜಿಸ್ಟರ್ ಪಟ್ಟೆಂದು ಮುಚ್ಚಿತು.

ದೇವಾನಂದ ತಿರುಗಿದ. ಮೌಸಿ ಆಗಲೇ ಮನೆ ಸೇರಿ ಬಾಗಿಲು ಹಾಕಿಕೊಂಡಿದ್ದಳು.

ರಾತ್ರಿಪಾಳಿಗೆ ಇನ್ನು ಮೂರು ತಾಸಿತ್ತು. ಕಣ್ಣು ಎಳೆಯುತ್ತಿತ್ತು. ಒಂದು ಗಳಿಗೆಯಾದರೂ ಒರಗೋಣವೆಂದು ಮನೆಗೆ ಬಂದ. ಅವನ ದಿಂಬಿನ ಮೇಲೆ ಪಾರಿವಾಳವೊಂದು ರೆಕ್ಕೆಯೊಳಗೆ ಕೊಕ್ಕು ಹುದುಗಿಸಿ ಮಲಗಿತ್ತು. ಮತ್ತೆ ಹೊಸದಾಗಿ ತಂದ ಹನ್ನೆರಡು ಫಾಲ್‌ಗಳನ್ನು ಮುಂದಿಟ್ಟುಕೊಂಡು ಕೂತಿದ್ದ ರಂಜನಾ, ಗಂಡನ ಕಡೆ ಕತ್ತೆತ್ತಿಯೂ ನೋಡದೆ ಮಿಷನ್ ತುಳಿದಳು. ಗಡಗಡ ಶುರುವಾಯಿತು. ಗೋಡೆ ನಡುಗಿತು, ಮಂಚ ನಡುಗಿತು, ದೇವಾನಂದನ ಹಲ್ಲು ನಡುಗಿದವು.

ಪಾರಿವಾಳ ಮಾತ್ರ ಕಣ್ಣು ಬಿಡಲಿಲ್ಲ.